ಒಂದೂವರೆ ವರ್ಷ ಬಳಸಿದ ಆಡಿಯೋ ಬೋರ್ಡ್: ಮಳೆ ಸದ್ದು ಅಂದುಕೊಂಡಿದ್ದೆ, ಮಳೆಯಲ್ಲ

ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಗದ್ದೆ ಬದಿಯಲ್ಲಿ ಕಪ್ಪೆಗಳ ಕೂಗು ರೆಕಾರ್ಡ್ ಮಾಡಲು ಈ ಬೋರ್ಡ್ ತರಿಸಿದ್ದೆ. ಚಿಪ್ ಇಎಸ್‌ಪಿ32. ಹೆಡ್‌ಫೋನಿಗೆ ಬೋರ್ಡಿನಲ್ಲೇ ಕೋಡೆಕ್ (ಅಂಕಿಗಳನ್ನು ಮತ್ತೆ ಶಬ್ದ ಮಾಡುವ ಚಿಪ್) ಇದೆ, ಹೊರಗಿನ ಮೈಕ್ ಜೋಡಿಸಲು ಪಕ್ಕದಲ್ಲಿ ಪಿನ್ ಸಾಲಿದೆ. ಉಳಿದದ್ದೆಲ್ಲ ಮಾರುವವರ ಪುಟದಲ್ಲಿ ನೋಡಿರುತ್ತೀರಿ. ನನಗೆ ಹೇಳಬೇಕಿರುವುದು ಒಂದು ಜಂಪರ್ ವಿಷಯ, ಅಂದರೆ ಎರಡು ಪಿನ್ ಸೇರಿಸುವ, ಕಿತ್ತು ಹಾಕಬಹುದಾದ ಸಣ್ಣ ಕೊಂಡಿ.

ಬಂದದ್ದು ಜೂನ್‌ನಲ್ಲಿ. ನನ್ನದು ಐ2ಎಸ್ ಮೈಕ್, ಶಬ್ದ ಅದರೊಳಗೇ ಅಂಕಿಯಾಗಿ ಹೊರಗೆ ಬರುತ್ತದೆ. ಐ2ಎಸ್ ಅಂದರೆ ಶಬ್ದದ ಅಂಕಿಗಳನ್ನು ಒಂದು ಚಿಪ್‌ನಿಂದ ಇನ್ನೊಂದಕ್ಕೆ ಸಾಗಿಸಲು ಫಿಲಿಪ್ಸ್‌ನವರು 1986ರಲ್ಲಿ ತಂದ ಪದ್ಧತಿ, ಇವತ್ತಿಗೂ ಅದೇ ಮೂರು ತಂತಿ: ಒಂದೊಂದು ಬಿಟ್‌ಗೂ ತಾಳ ಹಾಕುವ ಬಿಟ್ ಕ್ಲಾಕ್, ಎಡವೋ ಬಲವೋ ಹೇಳುವುದು, ಡೇಟಾ. ಬೋರ್ಡ್ ಮೇಲೆ ಬರೆದ ಹಾಗೇ ಜೋಡಿಸಿದೆ. ಕಪ್ಪೆ ಕೇಳಿಸಿತು, ಜೊತೆಗೆ ಚಟಪಟ ಸದ್ದು. ಮಳೆ ಅಂದುಕೊಂಡೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಕಡೆ ಶೀಟಿನ ಮೇಲೆ ಆ ಸದ್ದು ನಿಲ್ಲುವುದೇ ಇಲ್ಲ, ಬೇರೆ ಯೋಚನೆ ಯಾಕೆ ಬರಬೇಕು? ಡಿಸೆಂಬರ್‌ನಲ್ಲಿ ಕಣದಲ್ಲಿ ಕಾಫಿ ಒಣಗುತ್ತಿತ್ತು, ಒಂದು ಮೋಡ ಇಲ್ಲ, ಆಗಲೂ ಅದೇ ಚಟಪಟ. ಇಡೀ ಮಳೆಗಾಲದ ರೆಕಾರ್ಡಿಂಗ್ ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು.

ಆಗಿದ್ದಿಷ್ಟು. ಮೈಕ್ ಜೋಡಿಸಿದ ಆ ಪಿನ್ ಸಾಲಿನ ಕ್ಲಾಕ್ ಪಿನ್ ಒಂದು ಜಂಪರ್ ಮೂಲಕ ಕೋಡೆಕ್‌ಗೂ ಹೋಗುತ್ತದೆ. ಸೆಕೆಂಡಿಗೆ 16,000 ಸ್ಯಾಂಪಲ್ (ಶಬ್ದದ ಅಳತೆ), ಎರಡು ಚಾನೆಲ್, ತಲಾ 32 ಬಿಟ್ ಅಂದರೆ ಕ್ಲಾಕ್ ಸೆಕೆಂಡಿಗೆ 10,24,000 ಸಲ ಬಡಿಯಬೇಕು. ದಾರಿ ಕವಲಾಗಿ, ಮೇಲೆ ನನ್ನ ಒಂದಡಿ ತಂತಿಯೂ ಸೇರಿದಾಗ ಸಿಗ್ನಲ್ ಏರುವ ಜಾಗದಲ್ಲಿ ನಡುಗುತ್ತದೆ, ಮೈಕ್ ಒಂದು ಬಡಿತವನ್ನು ಎರಡು ಅಂತ ಎಣಿಸುತ್ತದೆ, ಬಿಟ್‌ಗಳು ಜರುಗಿ ಚಟ್ ಅನ್ನುತ್ತದೆ. ಸರ್ಕ್ಯೂಟ್ ಚಿತ್ರದಲ್ಲಿ ಇದು ಸಣ್ಣದಾಗಿ ಇದೆ. ಬೋರ್ಡ್ ಮೇಲೆ ಒಂದಕ್ಷರ ಇಲ್ಲ.

ಜಂಪರ್ ಕಿತ್ತು, ತಂತಿಯನ್ನು ನಾಲ್ಕು ಇಂಚಿಗೆ ಇಳಿಸಿದೆ. ಸದ್ದು ನಿಂತಿತು. ಕ್ಲಾಕ್ ಸಿಗದೆ ಕೋಡೆಕ್ ಕೂಡ ಸುಮ್ಮನಾಯಿತು, ಹೆಡ್‌ಫೋನ್ ಇಲ್ಲ.

ಆ ವಾರ ಮಾರಿಬಿಡುವ ಅಂತಲೇ ಇದ್ದೆ. ಆಮೇಲೆ ಪಿನ್‌ಗಳ ಪಟ್ಟಿ ನಿಧಾನವಾಗಿ ಓದಿದೆ. ಈ ಚಿಪ್‌ನಲ್ಲಿ ಐ2ಎಸ್ ಎರಡಿವೆ, ಅವುಗಳ ಸಿಗ್ನಲ್‌ಗಳನ್ನು ಹೆಚ್ಚುಕಡಿಮೆ ಯಾವ ಪಿನ್‌ಗೆ ಬೇಕಾದರೂ ಕೋಡ್‌ನಲ್ಲೇ ತಿರುಗಿಸಬಹುದು. ಜಂಪರ್ ವಾಪಸ್ ಹಾಕಿ ಮೊದಲನೆಯದನ್ನು ಕೋಡೆಕ್‌ಗೇ ಬಿಟ್ಟೆ, ಎರಡನೆಯದನ್ನು ಬೇರೆ ಮೂರು ಖಾಲಿ ಪಿನ್‌ಗೆ ಕೊಟ್ಟು ಮೈಕ್ ಅಲ್ಲಿಗೆ ಸಿಕ್ಕಿಸಿದೆ. ಬೆಸುಗೆ ಹಾಕಲಿಲ್ಲ, ಹೊಸ ಸಾಮಾನು ತರಲಿಲ್ಲ. ಒಂದೇ ಎಚ್ಚರ: 34ರಿಂದ 39ರವರೆಗಿನ ಪಿನ್‌ಗಳು ಒಳಕ್ಕೆ ಮಾತ್ರ, ಮೈಕಿನ ಡೇಟಾ ಅಲ್ಲಿ ನಡೆಯುತ್ತದೆ, ಕ್ಲಾಕ್ ನಡೆಯುವುದಿಲ್ಲ. 6ರಿಂದ 11 ಫ್ಲಾಶ್ ಮೆಮೊರಿಯದು, ಮುಟ್ಟಲೇಬೇಡಿ.

ಈ ಮಳೆಗಾಲ ಪೂರ್ತಿ ಸಂಜೆ ಕಾಫಿ ಕುಡಿದ ಮೇಲೆ ನನಗೆ ಇದೇ ಕೆಲಸ. ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಬೋರ್ಡ್, ಪವರ್ ಬ್ಯಾಂಕ್, ಶೀತ ಹಿಡಿಯದ ಹಾಗೆ ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿ. ಮೇಲೆ ಅಡಿಕೆ ಹಾಳೆ ಕವುಚಿ ಬದುವಿನ ಮೇಲೆ ಇಡುವುದು, ಜಿಗಣೆ ಕಿತ್ತುಕೊಳ್ಳುತ್ತಾ ಹತ್ತು ನಿಮಿಷ ಹೆಡ್‌ಫೋನ್‌ನಲ್ಲಿ ಕೇಳುವುದು. ಕಾರ್ಡಿನಲ್ಲಿ ಒಂದೇ ಚಾನೆಲ್, 16 ಬಿಟ್ ಲೆಕ್ಕದಲ್ಲಿ ಗಂಟೆಗೆ ಸುಮಾರು 115 ಎಂಬಿ ಆಗುತ್ತದೆ, ನನ್ನ ಹಳೆ ಕಾರ್ಡಿಗೆ ಅದು ಭಾರವಲ್ಲ. ಒಂದು ದಿನ ಅಪ್ಪನ ಕಿವಿಗೆ ಹಾಕಿದೆ. ಕಣ್ಣು ಮುಚ್ಚಿ ಕೇಳಿ, "ಇದು ತೋಡಿನ ಆಚೆಯದ್ದು, ನಮ್ಮ ಗದ್ದೆದಲ್ಲ" ಅಂದರು. ಆಚೆ ಹೋಗಿ ನೋಡಿದೆ, ಅಲ್ಲೇ ಕೂಗುತ್ತಿತ್ತು.

ಈ ದುಡ್ಡಿಗೆ ಕೇಳುತ್ತಲೇ ರೆಕಾರ್ಡ್ ಮಾಡುವ ಬೇರೆ ಬೋರ್ಡ್ ನನಗೆ ಸಿಗಲಿಲ್ಲ, ಹಾಗಾಗಿ ತಗೊಳ್ಳಿ ಅಂತಲೇ ಹೇಳುತ್ತೇನೆ. ಮೈಕ್ ಮಾತ್ರ ಮೊದಲ ದಿನವೇ ಬೇರೆ ಪಿನ್‌ಗೆ ಹಾಕಿ. ಜಂಪರ್ ಪಕ್ಕ ಒಂದು ಹೆಸರು ಅಚ್ಚು ಹಾಕಿ ಅಂತ ಮಾರಿದವರಿಗೆ ಎರಡು ಸಲ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.