ಯಂಗ್ ಪ್ರಯೋಗಕ್ಕೆ ಕೆಂಪು ಲೇಸರೋ, ಹಸಿರೋ?

ಮಡಿಕೇರಿಯ ಪಿಯುಸಿ ಮಕ್ಕಳಿಗೆ ಯಂಗ್‌ನ ಜೋಡಿ ಸೀಳಿನ ಪ್ರಯೋಗ ತೋರಿಸಬೇಕಾ? ಎರಡು ಸೀಳು ದಾಟಿದ ಬೆಳಕು ಪರದೆಯ ಮೇಲೆ ಮೂಡಿಸುವ ಪಟ್ಟಿಗಳ ಅಂತರ ಅಳೆಯುವುದೇ ಮುಖ್ಯವಾದರೆ ಕೆಂಪನ್ನೇ ತಗೊಳ್ಳಿ. ಬೆಳಕಿನ ತರಂಗದೂರವನ್ನು ಪರದೆಯ ದೂರದಿಂದ ಗುಣಿಸಿ, ಸೀಳುಗಳ ನಡುವಿನ ದೂರದಿಂದ ಭಾಗಿಸಿದರೆ ಆ ಅಂತರ ಸಿಗುತ್ತದೆ. ಸೀಳುಗಳ ನಡುವೆ 0.25 ಮಿ.ಮೀ., ಪರದೆ 2 ಮೀಟರ್ ದೂರದಲ್ಲಿ ಇರಲಿ. 650 ನ್ಯಾನೋಮೀಟರಿನ ಕೆಂಪಿಗೆ 5.2 ಮಿ.ಮೀ. ಬರುತ್ತದೆ, 532ರ ಹಸಿರಿಗೆ ಸುಮಾರು 4.3. ಸಾದಾ ಸ್ಕೇಲಿನಲ್ಲಿ ಅಳೆಯುವಾಗ ಇದು ದೊಡ್ಡ ವ್ಯತ್ಯಾಸವೇ. ಐದು ಅಂತರ ಒಟ್ಟಿಗೆ ಅಳೆದು ಐದರಿಂದ ಭಾಗಿಸಿ, ತಪ್ಪು ಇನ್ನೂ ಕಮ್ಮಿಯಾಗುತ್ತದೆ.

ಹಸಿರು ಕಣ್ಣಿಗೆ ಜಾಸ್ತಿ ಹೊಳೆಯುತ್ತದೆ, ಹಿಂದಿನ ಬೆಂಚಿಗೂ ಚೆನ್ನಾಗಿ ಕಾಣುತ್ತದೆ. ಆದರೆ ಅಗ್ಗದ ಹಸಿರು ಪಾಯಿಂಟರ್‌ಗಳು ಚಳಿಗೆ ಮಂಕಾಗುತ್ತವೆ. ಡಿಸೆಂಬರಿನ ಬೆಳಗ್ಗೆ ಇಲ್ಲಿ ಅದು ತಲೆನೋವೇ. ಯಾವುದಾದರೂ 1 ಮಿಲಿವ್ಯಾಟ್ ದಾಟದ್ದನ್ನೇ ಕೊಳ್ಳಿ, ಮಕ್ಕಳ ಕಣ್ಣು ಅಲ್ವಾ.