ಹ್ಯಾರಿಚ್, ಹಲ್, ನ್ಯೂಕಾಸಲ್: ರೈಲು ಇಳಿದು ಹಡಗು ಹತ್ತೋಕೆ ಯಾವ್ದು ವಾಸಿ?

ಇಂಗ್ಲೆಂಡಿಂದ ಹಾಲೆಂಡಿಗೆ ರಾತ್ರಿ ಹಡಗಲ್ಲಿ ಹೋಗೋಕೆ ಮೂರು ದಾರಿ ಇದೆ, ಮೂರರಲ್ಲೂ ಕಾರಿಲ್ದೆ ಬರೀ ರೈಲು ನಂಬ್ಕೊಂಡು ಹೋಗಿ ಬಂದಿದೀನಿ. ಎಲ್ರೂ ಮೊದ್ಲು ಕೇಳೋದು ಟಿಕೆಟ್ ಎಷ್ಟು ಅಂತ. ನಾನ್ ಹೇಳೋದು, ಪ್ಲಾಟ್‌ಫಾರ್ಮಿಂದ ಹಡಗಿನ ಬಾಗಿಲಿಗೆ ಎಷ್ಟು ದೂರ ನಡೀಬೇಕು ಅಂತ ಮೊದ್ಲು ನೋಡಿ. ಅಮ್ಮನ್ನ ಕರ್ಕೊಂಡು ಹೋದಾಗ್ಲೇ ನಂಗೆ ಇದು ಅರ್ಥ ಆಗಿದ್ದು, ಮಂಡಿ ನೋವು ಬೇರೆ, ಜೊತೆಗೆ ಎರಡು ದೊಡ್ಡ ಸೂಟ್‌ಕೇಸ್.

ಆ ಲೆಕ್ಕದಲ್ಲಿ ಹ್ಯಾರಿಚ್‌ಗೆ ಸಾಟಿ ಇಲ್ಲ. ಲಂಡನ್ ಲಿವರ್‌ಪೂಲ್ ಸ್ಟ್ರೀಟಲ್ಲಿ ರೈಲು ಹತ್ತಿದ್ರೆ ಸುಮಾರು ಒಂದೂವರೆ ಗಂಟೆ, ಕೆಲವು ರೈಲಿಗೆ ಮ್ಯಾನಿಂಗ್‌ಟ್ರೀಲಿ ಇಳಿದು ಬದಲಾಯಿಸ್ಬೇಕು ಅಷ್ಟೇ. ಹ್ಯಾರಿಚ್ ಇಂಟರ್‌ನ್ಯಾಷನಲ್‌ನಲ್ಲಿ ಇಳಿದ್ರೆ ಸ್ಟೇಷನ್ ಪಕ್ಕದಲ್ಲೇ ಟರ್ಮಿನಲ್, ಬಸ್ಸೂ ಬೇಡ ಟ್ಯಾಕ್ಸಿನೂ ಬೇಡ. ಹೀಗಿರೋಕೆ ಕಾರಣ ಇದೆ, 1883ರಲ್ಲಿ ಈ ಬಂದರು ಕಟ್ಟಿಸಿದ್ದೇ ಗ್ರೇಟ್ ಈಸ್ಟರ್ನ್ ರೈಲ್ವೆಯವ್ರು, ರೈಲಲ್ಲಿ ಬಂದವ್ರನ್ನ ಹಡಗಿಗೆ ಹತ್ತಿಸೋಕೆ ಅಂತ್ಲೇ. ಲಂಡನ್‌ನಿಂದ ಆಚೆ ದಡದ ಡಚ್ ಬಂದರು ಹುಕ್ ಆಫ್ ಹಾಲೆಂಡ್‌ವರೆಗೆ ರೈಲು ಹಡಗು ಎರಡಕ್ಕೂ ಸೇರಿಸಿ ಒಂದೇ ಟಿಕೆಟ್ ಸಿಗತ್ತೆ. ರಾತ್ರಿ ಹಡಗಿಗೆ ಕ್ಯಾಬಿನ್ ತಗೊಳ್ಳೇಬೇಕು, ಅದನ್ನ ಖರ್ಚಿಗೆ ಸೇರಿಸ್ಕೊಳ್ಳಿ.

ಹಡಗು 240 ಮೀಟರ್ ಉದ್ದ, ಅಮ್ಮ ಒಳಗೆ ಬಂದು "ಇದು ಹಡಗೇನೋ, ಲಾಡ್ಜ್ ಇದ್ದಂಗಿದೆ" ಅಂದ್ರು. ರಾತ್ರಿ 11ಕ್ಕೆ ಹೊರಡೋದು, ನಾವು ಅದಕ್ಕೂ ಮುಂಚೆನೇ ಕ್ಯಾಬಿನ್ ಸೇರ್ಕೊಂಡು ಡಬ್ಬಿ ಬಿಚ್ಚಿ ಮೊಸರನ್ನ, ಮಾವಿನಮಿಡಿ ಉಪ್ಪಿನಕಾಯಿ ತಿಂದು ಮಲಗಿದ್ವು. ಅಮ್ಮ ದಿಂಬಿನ ಪಕ್ಕ ಕೈಯಿಟ್ಟು ಗೋಡೆ ಸಣ್ಣಗೆ ನಡುಗೋದನ್ನ ಸುಮಾರು ಹೊತ್ತು ಮುಟ್ಟಿ ನೋಡ್ತಿದ್ರು, ಆಮೇಲೆ ನಂಗಿಂತ ಮೊದ್ಲೇ ಗೊರಕೆ.

ಬೆಳಿಗ್ಗೆ ಅಲ್ಲಿಯ ಟೈಮ್ 8ಕ್ಕೆ ಹುಕ್. ಆಚೆ ಬಂದ್ರೆ ಎದುರಿಗೇ ಮೆಟ್ರೋ. ಮುಂಚೆ ಇಲ್ಲಿ ದೊಡ್ಡ ರೈಲೇ ಬರ್ತಿತ್ತು, 2017ರಲ್ಲಿ ಅದನ್ನ ನಿಲ್ಲಿಸಿ 2019ರಲ್ಲಿ ಅದೇ ಹಳಿ ಮೇಲೆ ರಾಟರ್‌ಡ್ಯಾಮ್ ಮೆಟ್ರೋ ಓಡಿಸಿದ್ರು. ಬ್ಯಾಂಕ್ ಕಾರ್ಡ್ ತೋರಿಸಿ ಒಳಗೆ ಹೋಗ್ಬೋದು, ಸುಮಾರು ಅರ್ಧ ಗಂಟೇಲಿ ಸ್ಕೀಡಾಮ್, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೆ ರೈಲು. 1938ರಲ್ಲಿ ನಾಜಿಗಳಿಂದ ತಪ್ಪಿಸ್ಕೊಂಡ ಯಹೂದಿ ಮಕ್ಕಳು ಇಂಗ್ಲೆಂಡಿಗೆ ಹೋಗಿದ್ದು ಇದೇ ಹುಕ್-ಹ್ಯಾರಿಚ್ ದಾರೀಲಿ, ಅಪ್ಪ ಅಮ್ಮನ್ನ ಬಿಟ್ಟು. ಅದನ್ನ ಹೇಳಿದ್ಮೇಲೆ ಮೆಟ್ರೋಲಿ ಅಮ್ಮ ತುಂಬಾ ಹೊತ್ತು ಮಾತಾಡ್ಲಿಲ್ಲ.

ಹಲ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಲೀಡ್ಸ್, ಯಾರ್ಕ್ ಕಡೆ ಇರೋವ್ರಿಗೆ ಲಂಡನ್‌ಗೆ ಇಳಿಯೋ ಸುತ್ತು ತಪ್ಪತ್ತೆ, ಅದೇ ಅದರ ದೊಡ್ಡ ಲಾಭ. ಆದ್ರೆ ಹಲ್ ಸ್ಟೇಷನ್ನಿಂದ ಬಂದರು ದೂರ, ಆಚೆ ಇಳಿಯೋ ಯೂರೋಪೋರ್ಟ್ ಅಂತೂ ಬರೀ ಎಣ್ಣೆ ಟ್ಯಾಂಕು, ಕ್ರೇನುಗಳ ಊರು, ರಾಟರ್‌ಡ್ಯಾಮ್ ಸ್ಟೇಷನ್‌ಗೆ ಬಸ್ಸೇ ಗತಿ, ಅದನ್ನ ಹಡಗಿನ ಟಿಕೆಟ್ ಜೊತೇಲೇ ಬುಕ್ ಮಾಡ್ಕೊಳ್ಳಿ.

ನ್ಯೂಕಾಸಲ್ ದಾರಿ ಉದ್ದ, ಸಂಜೆ 5ಕ್ಕೆ ಹೊರಟ್ರೆ ಮರುದಿನ ಬೆಳಿಗ್ಗೆ ಒಂಬತ್ತೂವರೆ ಮೇಲೆನೇ ಆಮ್‌ಸ್ಟರ್‌ಡ್ಯಾಮ್ ಹತ್ರದ ಐಮೌಡನ್ ಬಂದರು. ಸಂಜೆ ಐದು ಅನ್ನೋದೇ ಇಲ್ಲಿ ಅಪಾಯ, ಆವತ್ತು ನಮ್ ರೈಲು ದಾರೀಲಿ ನಿಂತು ಮುಕ್ಕಾಲು ಗಂಟೆ ಲೇಟ್ ಆಯ್ತು, ಬಂದರು ಇರೋದು ನ್ಯೂಕಾಸಲ್ ಊರೊಳಗಲ್ಲ, ನಾರ್ತ್ ಶೀಲ್ಡ್ಸ್‌ನಲ್ಲಿ, ಟ್ಯಾಕ್ಸಿ ಹಿಡಿದು ಎದ್ನೋ ಬಿದ್ನೋ ಅಂತ ಓಡಿ ಕೊನೇ ಗಳಿಗೇಲಿ ಸೇರ್ಕೊಂಡ್ವು. ಇಳಿದ್ಮೇಲೂ ಆಮ್‌ಸ್ಟರ್‌ಡ್ಯಾಮ್‌ಗೆ ಬಸ್ಸು. ರಾತ್ರಿ ಸಮುದ್ರ ಜೋರಿತ್ತು, ನನ್ ಹೆಂಡ್ತಿಗೆ ವಾಂತಿ ಆಯ್ತು, ಮಾತ್ರೆ ಹಡಗು ಹೊರಡೋಕೆ ಮುಂಚೆನೇ ತಗೋಬೇಕಿತ್ತು.

ಆದ್ರೂ ಒಂದು ಮಾತು. ಹಡಗು ಟೈನ್ ನದಿಯಿಂದ ಆಚೆ ಬರೋವಾಗ ಟೈನ್‌ಮೌತಿನ ಗುಡ್ಡದ ಮೇಲೆ ಮುರಿದ ಹಳೇ ಮಠ ಕಾಣತ್ತೆ, ಕೆಳಗೆ ಕಟ್ಟೆ ಮೇಲೆ ನಿಂತವ್ರು ಕೈ ಬೀಸ್ತಾರೆ, ನಾವೂ ಬೀಸಿದ್ವು. ಹ್ಯಾರಿಚ್‌ನಲ್ಲಿ ಕತ್ತಲಲ್ಲಿ ಹೊರಡೋದ್ರಿಂದ ಈ ಭಾಗ್ಯ ಇಲ್ಲ.

ಭಾರತದ ಪಾಸ್‌ಪೋರ್ಟ್ ಇದ್ರೆ ಯಾವ ಬಂದರಾದ್ರೂ ಷೆಂಗೆನ್ ವೀಸಾ ಬೇಕೇ ಬೇಕು. ಮುಂದಿನ ಸಲ ಅಮ್ಮ ಬಂದಾಗ ಮತ್ತೆ ಹ್ಯಾರಿಚ್ಚೇ. ನ್ಯೂಕಾಸಲ್‌ಗೆ ನಾವಿಬ್ರೇ ಇನ್ನೊಂದ್ಸಲ ಹೋಗ್ಬೇಕು, ಬೇಸಿಗೇಲಿ, ಮಾತ್ರೆ ತಗೊಂಡು, ಮಧ್ಯಾಹ್ನದ ಹೊತ್ತಿಗೇ ಊರು ಸೇರೋ ರೈಲು ಹಿಡಿದು.