ಸಾಂಬ್ರಾದಿಂದ ಕಲಬುರಗಿಗೆ: ದೂರ ಮತ್ತು ಹೊತ್ತು ಲೆಕ್ಕ ಹಾಕುವ ಮೂರು ದಾರಿ

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಈ ಒಂದೇ ಪ್ರಶ್ನೆಯನ್ನು ಮೂರು ಕಡೆ ಹಾಕಿ ನೋಡಿದೆ: ನಿಲ್ದಾಣದ ಕೋಡ್ ಕೇಳುವ ಸೈಟು, ಗೂಗಲ್ ಮ್ಯಾಪ್, ಪೆನ್ನು-ಕಾಗದ. ದೂರದಲ್ಲಿ ಮೂರಕ್ಕೂ ತಕರಾರಿಲ್ಲ. ಹೊತ್ತಿನ ಲೆಕ್ಕಕ್ಕೆ ನನ್ನ ಮತ ಪೆನ್ನು-ಕಾಗದಕ್ಕೇ.

ಸೈಟು ಎಲ್ಲಕ್ಕಿಂತ ಬೇಗ. ಐಎಕ್ಸ್‌ಜಿ, ಜಿಬಿಐ ಅಂತ ಎರಡು ನಿಲ್ದಾಣಗಳ ಕೋಡ್ ಹಾಕಿದರೆ ಸುಮಾರು 297 ಕಿ.ಮೀ., ಅಂದರೆ 160 ನಾಟಿಕಲ್ ಮೈಲಿ. ಆದರೆ ಕೋಡ್ ಬದಲು ಊರಿನ ಹೆಸರು ಹಾಕಬೇಡಿ. ಕೆಲವು ಸೈಟುಗಳು ಊರಿನ ನಡುವಿನಿಂದ ಅಳೆಯುತ್ತವೆ, ಸಾಂಬ್ರಾ ಇರುವುದು ಊರಿಂದ ಸುಮಾರು 10 ಕಿ.ಮೀ. ಆಚೆ.

ಮ್ಯಾಪ್‌ನಲ್ಲಿ ಒಂದು ರನ್‌ವೇ ಮೇಲೆ ಬಲ ಕ್ಲಿಕ್ ಮಾಡಿ, ದೂರ ಅಳೆಯುವ ಆಯ್ಕೆ ಒತ್ತಿ, ಇನ್ನೊಂದು ರನ್‌ವೇ ಮುಟ್ಟಿದರೆ ಅದೇ ಅಂಕಿ. ಕೋಡೇ ಇಲ್ಲದ ಜಾಗಕ್ಕೂ ಇದು ನಡೆಯುತ್ತದೆ. ಬಾಗಲಕೋಟೆಯಿಂದಲೂ ಅಳೆಯಬಹುದು. ಹಾರಾಟದ ಹೊತ್ತನ್ನು ಮಾತ್ರ ಈ ಅಳತೆ ಹೇಳುವುದಿಲ್ಲ.

ಕಾಗದದ ಲೆಕ್ಕವೂ ಕಷ್ಟವಲ್ಲ. ಎರಡು ನಿಲ್ದಾಣಗಳ ಅಕ್ಷಾಂಶದ ವ್ಯತ್ಯಾಸ 1.45 ಡಿಗ್ರಿ. ಡಿಗ್ರಿಗೆ 111 ಕಿ.ಮೀ. ಹಿಡಿದರೆ 161. ರೇಖಾಂಶದ ವ್ಯತ್ಯಾಸ 2.34 ಡಿಗ್ರಿ. ನಮ್ಮ ಭಾಗದಲ್ಲಿ ಅದರ ಒಂದು ಡಿಗ್ರಿ ಸುಮಾರು 106.5 ಕಿ.ಮೀ., ಹಾಗಾಗಿ 249. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 297ರ ಹತ್ತಿರವೇ ಬರುತ್ತದೆ. ಶಾಲೆಯ ಪೈಥಾಗೊರಸ್ ಸಾಕು, ಅಲ್ವಾ?

ಹೊತ್ತಿಗೆ ಬಂದರೆ ಸೈಟುಗಳು ಒಂದಕ್ಕೊಂದು ಒಪ್ಪುವುದಿಲ್ಲ. ಒಂದು 22 ನಿಮಿಷ ಅನ್ನುತ್ತದೆ, ಇನ್ನೊಂದು 52. ಮೊದಲನೆಯದು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸುತ್ತದೆ. ಎರಡನೆಯದು ಅದಕ್ಕೇ ಸುಮ್ನೆ ಅರ್ಧ ಗಂಟೆ ಕೂಡಿಸುತ್ತದೆ. ಯಾವ ವಿಮಾನ ಅಂತ ಎರಡೂ ಕೇಳುವುದಿಲ್ಲ. ಸಣ್ಣ ನಿಲ್ದಾಣಗಳ ನಡುವೆ ಓಡಾಡುವ ಎಟಿಆರ್ 72 ಅನ್ನುವ ಸಣ್ಣ ವಿಮಾನದ ವೇಗ ಗಂಟೆಗೆ ಸುಮಾರು 510 ಕಿ.ಮೀ. ಅದೂ ಮೇಲೆ ಏರಿ ನೆಟ್ಟಗೆ ಹಾರುವಾಗ ಮಾತ್ರ.

ಇಷ್ಟು ಹತ್ತಿರದ ದಾರಿಯಲ್ಲಿ ನೆಟ್ಟಗೆ ಹಾರುವ ಭಾಗವೇ ಕಡಿಮೆ. ಪ್ರತಿ ಸಾವಿರ ಅಡಿ ಇಳಿಯಲು ಸುಮಾರು 3 ನಾಟಿಕಲ್ ಮೈಲಿ ಬೇಕು ಅನ್ನುವುದು ಪೈಲಟ್‌ಗಳ ರೂಢಿಯ ಲೆಕ್ಕ. 17,000 ಅಡಿಯಿಂದ ಇಳಿಯಲು ಹತ್ತಿರ ಹತ್ತಿರ 50 ಮೈಲಿ. ಏರುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ. ಒಟ್ಟು 160ರಲ್ಲಿ ಉಳಿಯುವುದು 60! ಏರಲು 15 ನಿಮಿಷ, ಪೂರ್ತಿ ವೇಗದಲ್ಲಿ 13, ಇಳಿಯಲು 13 ಅಂತ ಹಿಡಿದೆ. ರನ್‌ವೇವರೆಗಿನ ಓಡಾಟ, ಇಳಿಯುವ ಮುಂಚಿನ ತಿರುವು ಎಲ್ಲ ಸೇರಿಸಿದರೆ 50ರಿಂದ 55 ನಿಮಿಷ. ಎರಡನೇ ಸೈಟಿನ 52 ಇದಕ್ಕೆ ತಾಳೆಯಾದದ್ದು ಕಾಕತಾಳೀಯ. ಹುಬ್ಬಳ್ಳಿಗೆ ಬರೀ 75 ಕಿ.ಮೀ., ಅಲ್ಲಿಗೆ ಅಷ್ಟು ಎತ್ತರ ಏರುವ ಮಾತೇ ಇಲ್ಲ.

ಸಾಂಬ್ರಾದ ರನ್‌ವೇ ಇರುವುದು ಪೂರ್ವ-ಪಶ್ಚಿಮವಾಗಿ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ವಿಮಾನ ಗಾಳಿಗೆ ಎದುರಾಗಿಯೇ ಏರುತ್ತದೆ. ಅಂದರೆ ಮೂಡಣದ ಕಲಬುರಗಿಗೆ ಹೊರಟದ್ದು ಮೊದಲು ಪಡುವಣಕ್ಕೆ ಎದ್ದು ಆಮೇಲೆ ತಿರುಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಇದಕ್ಕೆ ಇನ್ನೂ ಮೂರು-ನಾಲ್ಕು ನಿಮಿಷ ಕೂಡಿಸಿಯೇ ಲೆಕ್ಕ ಹಾಕುತ್ತೇನೆ.